ಅಂಕಿ ಹೇಳುವವಳು

"ಬೇಗ ಬನ್ನಿ" ಎಂದು ಬರೆಯಲು ಹೋಗಿ "ಬೇಡ ಬನ್ನಿ" ಎಂದು ಬರೆದು ಗಂಡನಿಗೆ ಕಳಿಸಿದ್ದು ನಿನ್ನೆ ಸಂಜೆ. ಅದರ ಬಿಸಿ ಇವತ್ತು ಬೆಳಿಗ್ಗೆಯಾದರೂ ಆರಿರಲಿಲ್ಲ. ಗಂಡ ಒಂದೂವರೆ ಗಂಟೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಯೋಚಿಸಿದನಂತೆ. ಇದು ಕೋಪವೋ, ತಮಾಷೆಯೋ, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತನಗೆ ಗೊತ್ತಿಲ್ಲದೆ ನಡೆದುಹೋದ ಯಾವುದೋ ತಪ್ಪಿನ ತೀರ್ಪೋ ಎಂದು. "ಬೇಡ ಅಂದ್ಮೇಲೆ ಬನ್ನಿ ಯಾಕೆ, ಬನ್ನಿ ಅನ್ನೋದಾದ್ರೆ ಬೇಡ ಯಾಕೆ? ಯಾವುದಾದ್ರೂ ಒಂದು ಹೇಳು, ಹಾಗೇ ಮಾಡ್ತೀನಿ" ಎಂದು ಅವನು ಬಾಗಿಲಲ್ಲೇ ನಿಂತು ಕೇಳಿದಾಗ ಅವಳು "ಬೆರಳು ಜಾರಿತು" ಎಂದಿದ್ದಳು. ಜಾರಿದ್ದು ಕಣ್ಣು ಎನ್ನಲಿಲ್ಲ. ಈಗ ಆಸ್ಪತ್ರೆಗೆ ಹೋಗುವ ಬಸ್ಸಿಗಾಗಿ ನಿಂತಿದ್ದಾಗ ತಿರುವಿನಾಚೆಯ ಬಸ್ಸಿನ ನಂಬರು, ಎದುರು ಮಹಡಿಯ ಮೇಲೆ ಒಣಗುತ್ತಿದ್ದ ಅಂಗಿಯ ಹರಿದ ಗುಂಡಿಮನೆ, ತಂತಿಯ ಮೇಲಿನ ಹಕ್ಕಿಯ ಕೊಕ್ಕು ಎಲ್ಲ ಸೂಜಿ ಮೊನೆಯಷ್ಟು ಚೂಪಾಗಿ ಕಾಣುತ್ತಿದ್ದವು. "ಹದ್ದಿನ ಕಣ್ಣಮ್ಮ ನಿಮ್ಮದು" ಎಂದು ಪಕ್ಕದ ಹೆಂಗಸೊಬ್ಬಳು ಮೆಚ್ಚಿದಳು ಕೂಡ. ಹೌದು, ಹದ್ದಿನದೇ. ಹದ್ದು ಆಕಾಶದಲ್ಲಿರುವಾಗ. ಕೆಳಗಿಳಿದು ಇಲಿಯ ಪಕ್ಕ ಕೂತರೆ ಹದ್ದಿಗೂ ಇದು ಇಲಿಯೋ ಹೆಂಟೆಯೋ ಎಂಬ ಅನುಮಾನ ಬರಬಹುದು. ನಾಲ್ಕು ತಿಂಗಳಿಂದ, ಕೈಗೆ ಎಟುಕುವುದು ಯಾವುದೂ ಅವಳ ಕಣ್ಣಿಗೆ ಎಟುಕುತ್ತಿರಲಿಲ್ಲ. ಒಂದು ಮೊಳದೊಳಗಿನ ಲೋಕವನ್ನೆಲ್ಲ ಯಾರೋ ನೀರಲ್ಲಿ ನೆನೆಹಾಕಿದ್ದರು.

ಇದು ಬೇರೆಯವರಿಗಾದರೆ ನಲವತ್ತೇಳನೆಯ ವಯಸ್ಸಿನ ಮಾಮೂಲು ಕಥೆ. ಒಂದು ಕನ್ನಡಕದ ಮಾತು. ಆದರೆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಅಂಕಿ ಸಿಸ್ಟರ್ ಎಂದು. ಲಿವರಿನಲ್ಲಿ ಬೆಳೆದ ಗೆಡ್ಡೆಯನ್ನು ಹೊಟ್ಟೆ ಕೊಯ್ಯದೆ, ಹೊರಗಿನಿಂದಲೇ ಸೂಜಿ ಚುಚ್ಚಿ, ಸೂಜಿಯ ತುದಿಗೆ ಕರೆಂಟು ಹರಿಸಿ, ಆ ಬಿಸಿಯಲ್ಲಿ ಬೇಯಿಸಿ ಸಾಯಿಸುವ ಕೋಣೆಯಲ್ಲಿ ಅವಳ ಕೆಲಸ. ಗೆಡ್ಡೆ ಸಾಯುವುದು ಸುಲಭ. ಪಕ್ಕದವರು ಬದುಕುವುದು ಕಷ್ಟ. ಲಿವರಿಗೆ ಆತುಕೊಂಡೇ ಕರುಳಿರುತ್ತದೆ, ಜಠರವಿರುತ್ತದೆ, ಪಿತ್ತಕೋಶವಿರುತ್ತದೆ, ಒಂದೇ ಗೋಡೆಯ ವಠಾರದ ಮನೆಗಳ ಹಾಗೆ. ಅದಕ್ಕೇ ಸೂಜಿ ಡಾಕ್ಟರು ಮೊದಲು ತೆಳ್ಳನೆಯ ಇನ್ನೊಂದು ಸೂಜಿಯಿಂದ ಲಿವರಿಗೂ ಕರುಳಿಗೂ ನಡುವೆ ಸಕ್ಕರೆ ನೀರು ತುಂಬಿಸಿ ಎರಡನ್ನೂ ಬೇರೆ ಮಾಡುತ್ತಿದ್ದರು. ಉಪ್ಪು ನೀರಾದರೆ ಕರೆಂಟು ಅದರಲ್ಲೇ ಹರಿದುಬಿಡುತ್ತದೆ, ಸಕ್ಕರೆಯದೇ ಆಗಬೇಕು. ಆಮೇಲೆ ಕರುಳಿನ ಪಕ್ಕ ಕೂದಲೆಳೆಯಂಥ ಒಂದು ತಂತಿ ಇಳಿಬಿಡುವುದು. ಆ ತಂತಿ ತನ್ನ ಸುತ್ತಲಿನ ಬಿಸಿ ಎಷ್ಟು ಎಂದು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಕೆಂಪು ಅಂಕಿಯಾಗಿ ತೋರಿಸುತ್ತಿತ್ತು. ಡಾಕ್ಟರ ಕಣ್ಣು ಸ್ಕ್ಯಾನಿನ ತೆರೆಯ ಮೇಲೆ, ಎರಡೂ ಕೈ ಸೂಜಿಗಳ ಮೇಲೆ, ಕಾಲು ಪೆಡಲಿನ ಮೇಲೆ. ಅಂಕಿ ನೋಡಿ ಹೇಳುವುದು ಅವಳು. ಪೆಟ್ಟಿಗೆ ತಾನಾಗಿ ಕೂಗಿಕೊಳ್ಳುವುದು ನಲವತ್ತೈದಕ್ಕೆ. ಅಷ್ಟು ಹೊತ್ತಿಗೆ ಅಕ್ಕಪಕ್ಕದಲ್ಲಿ ಹೊಗೆಯಾಡತೊಡಗಿರುತ್ತದೆ ಎನ್ನುತ್ತಿದ್ದ ಡಾಕ್ಟರಿಗೆ ನಲವತ್ತೊಂದಕ್ಕೇ ಸುದ್ದಿ ಬೇಕು. ಹಳೆಯ ಪೆಟ್ಟಿಗೆ ಗೋಡೆಯ ಮೇಲೆ ದೂರದಲ್ಲಿತ್ತು, ಅಂಕಿಗಳು ಹೆಬ್ಬೆರಳು ಗಾತ್ರ. ಅದು ಕೆಟ್ಟು ನಾಲ್ಕು ತಿಂಗಳ ಹಿಂದೆ ಬಂದ ಹೊಸದರ ವೈರು ಗಿಡ್ಡ. ಅವಳ ಸ್ಟೂಲಿನ ಮುಂದೆಯೇ, ಮೂಗಿನಿಂದ ಒಂದು ಗೇಣು ದೂರದಲ್ಲಿ, ಅಕ್ಕಿಕಾಳಿನಂಥ ಅಂಕಿಗಳನ್ನು ತೋರಿಸುತ್ತ ಕೂತಿತ್ತು. ಅವಳು ಹಿಂದಕ್ಕೆ ವಾಲಿ ವಾಲಿ ತಲೆ ಗೋಡೆಗೆ ತಾಗಿದಾಗ ಅಂಕಿ ಸ್ವಲ್ಪ ಗಟ್ಟಿಯಾಗುತ್ತಿತ್ತು. ಕೂದಲೆಣ್ಣೆಯ ಒಂದು ದುಂಡನೆಯ ಕಲೆ ಗೋಡೆಯ ಮೇಲೆ ಆಗಲೇ ಬಿದ್ದಿತ್ತು. ಎಲ್ಲರೂ ಅದನ್ನು ಅವಳ ದಣಿವಿನ ಗುರುತು ಎಂದುಕೊಂಡಿದ್ದರು.

ಇದಕ್ಕಿಂತ ನಾಚಿಕೆಯ ಸಂಗತಿ ಆ ಪ್ರಶಸ್ತಿಪತ್ರದ್ದು. ಔಷಧಿಯ ಚೀಟಿಗಳು ಮಸುಕಾಗತೊಡಗಿದಾಗ ಅವಳೇ ಒಂದು ನಿಯಮ ಹುಟ್ಟುಹಾಕಿದ್ದಳು: ಯಾವ ಬಾಟಲಿಯ ಚೀಟಿಯನ್ನಾದರೂ ಇಬ್ಬರು ಗಟ್ಟಿಯಾಗಿ ಓದಬೇಕು, ಮೊದಲು ಎದುರಿನವರು, ಆಮೇಲೆ ತಾನು. ಎದುರಿನವರು ಓದಿದ್ದನ್ನೇ ಅವಳು ಗಂಭೀರವಾಗಿ ಬಾಟಲಿಯ ಕಡೆ ನೋಡುತ್ತ ಒಪ್ಪಿಸುತ್ತಿದ್ದಳು, ಪಾಠ ಕಲಿಯದ ಹುಡುಗಿ ಪಕ್ಕದವಳ ದನಿಗೆ ದನಿ ಸೇರಿಸಿದ ಹಾಗೆ. ಆಡಳಿತದವರಿಗೆ ಅದು ಎಷ್ಟು ಹಿಡಿಸಿತೆಂದರೆ ಇಡೀ ಆಸ್ಪತ್ರೆಗೆ ಜಾರಿ ಮಾಡಿ, ಅವಳನ್ನು ವೇದಿಕೆಗೆ ಕರೆದು, ರೋಗಿಗಳ ಸುರಕ್ಷೆಗಾಗಿ ಎಂದು ಚಿನ್ನದ ಅಂಚಿನ ಕಾಗದ ಕೊಟ್ಟರು. ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಇವತ್ತಿನ ರೋಗಿ ಒಬ್ಬ ದರ್ಜಿ. ಅರವತ್ತು ದಾಟಿದ, ಒಣಕಲು ಮೈಯ, ಕುತ್ತಿಗೆಯಲ್ಲಿ ಇಲ್ಲದ ಅಳತೆ ಟೇಪನ್ನು ಆಗಾಗ ಸರಿಪಡಿಸಿಕೊಳ್ಳುವ ಮನುಷ್ಯ. ಒಪ್ಪಿಗೆಯ ಕಾಗದ ಓದಿ ಹೇಳಲು ಅವಳು ಹಾಸಿಗೆಯ ಪಕ್ಕ ನಿಂತು ಕಾಗದವನ್ನು ತೋಳು ಚಾಚುವಷ್ಟೂ ಚಾಚಿದಾಗ ಅವನು ತುಟಿಯಂಚಿನಲ್ಲಿ ನಕ್ಕ.

"ಇನ್ನೂ ದೂರ ಬೇಕಾದ್ರೆ ಹೇಳಿ ಸಿಸ್ಟರ್, ನಾನೇ ಎದ್ದು ಆ ಗೋಡೆ ಹತ್ರ ಹಿಡ್ಕೊಂಡು ನಿಲ್ತೀನಿ."

"ಏನು?"

"ನಲವತ್ತಾರಾ, ನಲವತ್ತೇಳಾ? ಸೂಜಿಗೆ ದಾರ ಪೋಣಿಸೋವಾಗ ಸೂಜೀನ ಬೈತೀರಾ, ದಾರಾನ ಬೈತೀರಾ?"

ಅವಳಿಗೆ ಕಿವಿಯವರೆಗೆ ಬಿಸಿ ಏರಿತು. ಕಾಗದ ಮಡಚಿ, ಬಾಯಿಪಾಠವಾಗಿದ್ದನ್ನು ಕಾಗದದ ಸಹಾಯವಿಲ್ಲದೆ ಒಪ್ಪಿಸಿದಳು. ಗೆಡ್ಡೆ ಲಿವರಿನ ಕೆಳಗಿನ ಅಂಚಿನಲ್ಲಿದೆ, ದೊಡ್ಡ ಕರುಳಿಗೆ ಅಂಟಿದಂತಿದೆ, ನಡುವೆ ನೀರು ತುಂಬಿಸುತ್ತಾರೆ, ಆ ನೀರು ಎರಡು ದಿನದಲ್ಲಿ ಮೈಯಲ್ಲೇ ಇಂಗಿ ಹೋಗುತ್ತದೆ. ಅವನು ತಲೆಯಾಡಿಸಿದ. ರೇಷ್ಮೆಯ ಮೇಲೆ ಇಸ್ತ್ರಿ ಇಡುವಾಗ ಒದ್ದೆ ಬಟ್ಟೆ ಹಾಸುತ್ತೇವಲ್ಲ, ಹಾಗೆ ಎಂದ. ಅವಳು ಹಾಗೇ ಎಂದಳು. ಒದ್ದೆ ಬಟ್ಟೆ ಒಣಗಿದ್ದು ಗೊತ್ತಾಗುವುದು ಹೇಗೆ ಎಂದು ಕೇಳಿದ. ತಂತಿ ಇರುತ್ತದೆ, ಪೆಟ್ಟಿಗೆಯಲ್ಲಿ ಅಂಕಿ ಬರುತ್ತದೆ ಎಂದಳು.

"ಅಂಕಿ ಯಾರು ನೋಡ್ತಾರೆ?"

"ನಾನೇ."

ಅವನು ಮತ್ತೆ ನಗಲಿಲ್ಲ. ಕುತ್ತಿಗೆಯ ಕಡೆ ಹೋದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, "ಕಾಣುತ್ತಾ?" ಎಂದ, ತೀರಾ ಮೆಲ್ಲಗೆ, ಮೂರನೆಯವರಿಗೆ ಕೇಳಬಾರದು ಎಂಬಂತೆ.

"ಕಾಣುತ್ತೆ."

"ಸರಿ. ನೀವು ಹೇಳಿದ ಮೇಲೆ ಮುಗೀತು" ಎಂದು ಅವನು ಸಹಿ ಹಾಕಿದ.

ಮುಗಿಯಲಿಲ್ಲ. ಕೈ ತೊಳೆಯುವಾಗ, ಟೋಪಿ ಹಾಕಿಕೊಳ್ಳುವಾಗ, ಅವನ ತೊಡೆಗಳಿಗೆ ಕರೆಂಟಿನ ಪಟ್ಟಿ ಅಂಟಿಸುವಾಗ ಆ ಕಾಣುತ್ತೆ ಎಂಬ ಮಾತು ಹಲ್ಲಿನ ಸಂದಿಯ ಚೂರಿನಂತೆ ನಾಲಿಗೆಗೆ ಸಿಗುತ್ತಲೇ ಇತ್ತು. ಬಾಟಲಿಯ ಚೀಟಿಯನ್ನು ನಿದ್ರೆ ಡಾಕ್ಟರಮ್ಮ ಓದಿದರು, "ಸಕ್ಕರೆ ನೀರು, ಐದು ಪರ್ಸೆಂಟ್". "ಸಕ್ಕರೆ ನೀರು, ಐದು ಪರ್ಸೆಂಟ್" ಎಂದು ಇವಳು ಒಪ್ಪಿಸಿದಳು. ಹೆಸರು ನಿದ್ರೆ ಡಾಕ್ಟರಾದರೂ ಆಕೆ ದರ್ಜಿಯನ್ನು ಪೂರ್ತಿ ಮಲಗಿಸಲಿಲ್ಲ. ಕರೆದರೆ ಓ ಎನ್ನುವಷ್ಟು ಎಚ್ಚರ ಬಿಟ್ಟು, ನೋವಿಗೆ ಮಾತ್ರ ಜೋಗುಳ ಹಾಡಿದರು. ಸ್ಕ್ಯಾನಿನ ತೆರೆಯಲ್ಲಿ ಬೂದು ಬಣ್ಣದ ಲಿವರಿನ ಪಕ್ಕ ಕರುಳು ಸೋಮಾರಿಯಾಗಿ ಹೊರಳುವುದು ದೂರದಿಂದ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ನಡುವೆ ಒಂದು ಕಪ್ಪು ಗೆರೆ ಮೂಡಿ, ಗೆರೆ ಕಾಲುವೆಯಾಗಿ, ಕಾಲುವೆ ಕೆರೆಯಾಗಿ ಕರುಳನ್ನು ಆಚೆ ದಡಕ್ಕೆ ತಳ್ಳಿತು. "ಸರಿ ಹೋಗಪ್ಪಾ ಆ ಕಡೆ" ಎಂದು ಸೂಜಿ ಡಾಕ್ಟರು ಕರುಳಿಗೇ ಹೇಳಿದರು. ಅವರಿಗೆ ರೋಗಿಗಳಿಗಿಂತ ಅಂಗಾಂಗಗಳ ಜೊತೆ ಸಲಿಗೆ ಹೆಚ್ಚು. ಪೆಡಲು ಒತ್ತಿದರು. ಯಂತ್ರ ಗುಂಯ್ ಎಂದಿತು.

"ಮೂವತ್ತೇಳು" ಎಂದಳು ಅವಳು, ತಲೆಯನ್ನು ಗೋಡೆಯ ಕಲೆಗೆ ಆನಿಸಿ. ಮನುಷ್ಯನ ಮೈ ಎಂದರೆ ಮೂವತ್ತೇಳೇ ಇರಬೇಕು, ಇದರಲ್ಲಿ ನೋಡುವುದೇನಿದೆ. ಒಂದು ನಿಮಿಷದ ಮೇಲೆ ಮತ್ತೆ ಮೂವತ್ತೇಳು. ಮೂರನೆಯ ನಿಮಿಷಕ್ಕೆ ಒಂದಿಷ್ಟು ಏರಬೇಕು, ನ್ಯಾಯವಾಗಿ; ಮೂವತ್ತೇಳೂವರೆ. ಅಂಕಿ ಹೇಳುವುದು ಒಂದು ಸಂಪ್ರದಾಯದ ಹಾಡಾಗಿಬಿಟ್ಟಿತ್ತು, ರಾಗ ಗೊತ್ತಿದ್ದರೆ ಸಾಹಿತ್ಯ ತಾನಾಗಿ ಬರುತ್ತಿತ್ತು. ಈ ಸ್ಟೂಲಿನ ಮೇಲೆ ಮೊದಲು ಕೂರುತ್ತಿದ್ದವರು ದೊಡ್ಡಕ್ಕ. ಅವಳಿಗಿಂತ ಹತ್ತು ವರ್ಷ ಹಿರಿಯರು, ಅವಳಿಗೆ ಇಂಜೆಕ್ಷನ್ ಚುಚ್ಚುವುದನ್ನು ಕಲಿಸಿದವರು. ಎರಡು ವರ್ಷದ ಹಿಂದಿನ ಮೀಟಿಂಗಿನಲ್ಲಿ, ಯಾರನ್ನು ಎಲ್ಲಿ ಹಾಕಬೇಕೆಂಬ ಮಾತು ನಡೆದಾಗ, ಇವಳು, ಇದೇ ಬಾಯಿ, ಇಪ್ಪತ್ತು ಜನರ ಮುಂದೆ, "ದೊಡ್ಡಕ್ಕನಿಗೆ ಎರಡು ಕನ್ನಡಕ ಬೇಕು. ಒಂದು ಓದೋಕೆ, ಇನ್ನೊಂದು ಮೊದಲನೇದನ್ನ ಹುಡುಕೋಕೆ" ಎಂದಿದ್ದಳು. ಎಂಥ ನಗು! ಕುರ್ಚಿಗಳು ಕಿರುಗುಟ್ಟಿದ್ದವು. ಅಷ್ಟು ಚೆನ್ನಾಗಿ ಅವಳು ಜೀವಮಾನದಲ್ಲಿ ಯಾರನ್ನೂ ನಗಿಸಿರಲಿಲ್ಲ. ಮುಂದಿನ ವಾರ ದೊಡ್ಡಕ್ಕ ನೆಲಮಾಳಿಗೆಯ ಬಟ್ಟೆ ಕೋಣೆಗೆ ಹೋದರು. ಹೊದಿಕೆ, ದಿಂಬಿನ ಚೀಲ, ಗೌನು ಎಣಿಸುವ ಕೆಲಸಕ್ಕೆ. ಸ್ಟೂಲು ಇವಳಿಗೆ ಬಂತು. ಆವತ್ತಿನಿಂದ ಅವಳು ನೆಲಮಾಳಿಗೆಯ ಮೆಟ್ಟಿಲು ತುಳಿದಿಲ್ಲ. ಹೊದಿಕೆ ಬೇಕಾದರೆ ಆಯಾಳನ್ನು ಕಳಿಸುತ್ತಾಳೆ. ಊಟದ ಮನೆಯಲ್ಲಿ ದೊಡ್ಡಕ್ಕನ ಬೆನ್ನು ಕಂಡರೆ ಹಸಿವಿಲ್ಲ ಎಂದು ತಿರುಗುತ್ತಾಳೆ. ಈಗ ತಾನೂ ಕನ್ನಡಕ ಹಾಕಿಕೊಂಡು ಬಂದರೆ ಇಡೀ ಆಸ್ಪತ್ರೆ ಆ ಮಾತನ್ನು ತಟ್ಟೆಯಲ್ಲಿಟ್ಟು ತನಗೇ ಬಡಿಸುತ್ತದೆ. "ಸಿಸ್ಟರ್?" ಎಂದರು ಡಾಕ್ಟರು. "ಮೂವತ್ತೆಂಟು" ಎಂದಳು.

ಏಳನೆಯ ನಿಮಿಷಕ್ಕೆ ದರ್ಜಿ ಕೆಮ್ಮಿದ. ಒಂದೇ ಕೆಮ್ಮು, ದೊಡ್ಡದೂ ಅಲ್ಲ. ಪೆಟ್ಟಿಗೆಯ ಕೆಂಪು ಮಸುಕಿನಲ್ಲಿ ಏನೋ ಬದಲಾಯಿತು. ಅಂಕಿ ಕಾಣಲಿಲ್ಲ, ಅಂಕಿಯ ಮೈಕಟ್ಟು ಬೇರೆಯಾದದ್ದು ಕಂಡಿತು, ದಿನಾ ಬರುವ ಮನುಷ್ಯನ ಅಂಗಿ ಹಾಕಿಕೊಂಡು ಬೇರೆ ಯಾರೋ ಬಾಗಿಲಲ್ಲಿ ನಿಂತ ಹಾಗೆ. ತಲೆಯನ್ನು ಗೋಡೆಗೆ ಒತ್ತಿದಳು. ಗೋಡೆ ಹಿಂದೆ ಸರಿಯಲಿಲ್ಲ. ಮೂರೋ ನಾಲ್ಕೋ. ಎಂಟೋ ಎರಡೋ.

"ಎಷ್ಟಾಯ್ತು ಸಿಸ್ಟರ್?" ಎಂದದ್ದು ಡಾಕ್ಟರಲ್ಲ, ದರ್ಜಿ, ಅರೆನಿದ್ದೆಯಲ್ಲಿ, ಮದುವೆಯ ಬಟ್ಟೆ ಎಷ್ಟಾಯಿತು ಎಂದು ಕೇಳುವವನ ನೆಮ್ಮದಿಯಲ್ಲಿ. ಮೂವತ್ತೆಂಟೂವರೆ ಎಂಬ ಮಾತು ಆಗಲೇ ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ನಿಲ್ಸಿ ಡಾಕ್ಟ್ರೇ. ನನಗೆ ಕಾಣ್ತಿಲ್ಲ."

ಡಾಕ್ಟರ ಕಾಲು ಪೆಡಲಿನಿಂದ ತಟ್ಟನೆ ಎದ್ದಿತು. ಗುಂಯ್ ಎನ್ನುವುದು ನಿಂತಾಗಲೇ ಅದು ಅಷ್ಟು ಹೊತ್ತು ಕೂಗುತ್ತಿತ್ತೆಂದು ತಿಳಿದದ್ದು. "ಏನು ಕಾಣ್ತಿಲ್ಲ? ತಂತಿ ಕಳಚ್ಕೊಂಡಿತಾ?"

ಎಂಥ ಒಳ್ಳೆಯ ಮನುಷ್ಯ, ಕೇಳದೆಯೇ ನೆಪವನ್ನು ಕೈಗೆ ಕೊಡುತ್ತಿದ್ದಾನೆ. ಹೌದು ಎಂದರೆ ಸಾಕು. ತಂತಿಗಳು ಕಳಚುತ್ತವೆ, ಯಾರೂ ತಂತಿಯನ್ನು ಬಟ್ಟೆ ಕೋಣೆಗೆ ಕಳಿಸುವುದಿಲ್ಲ.

"ಇಲ್ಲ. ತಂತಿ ಸರಿಯಾಗಿದೆ. ನನ್ನ ಕಣ್ಣು. ಹತ್ತಿರದ್ದು ಕಾಣಲ್ಲ."

ನಿದ್ರೆ ಡಾಕ್ಟರಮ್ಮ ತಮ್ಮ ಮೂಗಿನ ಮೇಲಿನ ಕನ್ನಡಕವನ್ನು, ಅದರ ಹಳದಿ ದಾರದ ಸಮೇತ, ತೆಗೆದು ಅವಳ ಮೂಗಿನ ಮೇಲಿಟ್ಟರು. ಲೋಕ ಟಕ್ ಎಂದು ಬಂದು ನಿಂತಿತು. ಪೆಟ್ಟಿಗೆಯ ಮೇಲೆ ಒಂದು ಗೀರಿತ್ತು, ಬೆರಳ ಗುರುತುಗಳಿದ್ದವು, ಅವುಗಳ ನಡುವೆ ಕೆಂಪಗೆ, ನಿರ್ಲಜ್ಜವಾಗಿ, ಅಂಕಿ.

"ನಲವತ್ತೆರಡು ಪಾಯಿಂಟ್ ಆರು" ಎಂದಳು. "ಆರು... ನಾಲ್ಕು... ಇಳೀತಿದೆ. ನಲವತ್ತೆರಡು."

ಡಾಕ್ಟರು ತೆರೆಯ ಕಡೆ ಬಗ್ಗಿದರು. ಕೆಮ್ಮಿದ ರಭಸಕ್ಕೆ ನೀರು ಸರಿದು, ಆ ಜಾಗಕ್ಕೆ ಕರುಳು ಕಳ್ಳಬೆಕ್ಕಿನಂತೆ ನುಸುಳಿ ಲಿವರಿನ ಬೆಚ್ಚಗಿನ ಮಗ್ಗುಲಿಗೆ ಬಂದು ಮಲಗಿತ್ತು. ಇನ್ನೊಂದು ನಿಮಿಷ, ಎಂದರು ಅವರು ತಮಗೇ. ವಾಕ್ಯ ಮುಗಿಸಲಿಲ್ಲ. ಮತ್ತಷ್ಟು ಸಕ್ಕರೆ ನೀರು ಹೋಯಿತು. ಕರುಳು ಆಕಳಿಸುತ್ತ ಎದ್ದು ಆಚೆಗೆ ಹೋಯಿತು. ಮೂವತ್ತೇಳು ಪಾಯಿಂಟ್ ಎರಡಕ್ಕೆ ಇಳಿದ ಮೇಲೆ ಮತ್ತೆ ಪೆಡಲು. ಉಳಿದ ನಿಮಿಷಗಳನ್ನು ಒಂದೇ ಕನ್ನಡಕದಲ್ಲಿ ಕಳೆದರು: ಇವಳು ಅಂಕಿ ಹೇಳಿ ಕನ್ನಡಕ ಕೊಟ್ಟರೆ ಆಕೆ ಸಿರಿಂಜಿನ ಗೆರೆ ನೋಡಿ ಹಿಂದಿರುಗಿಸುವುದು, ಮಳೆಯಲ್ಲಿ ಒಂದು ಕೊಡೆ ಹಿಡಿದ ಇಬ್ಬರ ಹಾಗೆ. "ನಾನು ನಿಮಗಿಂತ ನಾಲ್ಕು ವರ್ಷ ಚಿಕ್ಕೋಳು, ಅದನ್ನ ಮಾತ್ರ ಯಾರಿಗೂ ಹೇಳ್ಬೇಡಿ" ಎಂದು ಆಕೆ ಕಿವಿಯಲ್ಲಿ ಅಂದರು. ಅವಳಿಗೆ ನಗು ಬಂತು.

ಡಾಕ್ಟರು ಮಾತಾಡಿದ್ದು ಎಲ್ಲ ಮುಗಿದು, ಗೆಡ್ಡೆ ಪೂರ್ತಿ ಬೆಂದಿದೆ, ಕರುಳಿಗೆ ಏನೂ ಆಗಿಲ್ಲ ಎಂದು ಸ್ಕ್ಯಾನಿನಲ್ಲಿ ಎರಡು ಸಲ ನೋಡಿದ ಮೇಲೆ. "ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

ಅವರು ಕೈಗವಸನ್ನು ಒಂದೊಂದೇ ಬೆರಳಾಗಿ ಬಿಚ್ಚಿದರು. ಬೈದಿದ್ದರೆ ಚೆನ್ನಾಗಿತ್ತು. "ನಾಲ್ಕು ತಿಂಗಳಲ್ಲಿ ಹನ್ನೊಂದು ಜನ. ಇವತ್ತೇ ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ ಹೊಟ್ಟೆ ಹೇಗಿದೆ ಕೇಳಿ. ಬರೆದು ನನಗೆ ಕೊಡಿ. ಎಲ್ಲರನ್ನೂ ಮುಂದಿನ ವಾರ ಸ್ಕ್ಯಾನಿಗೆ ಕರೀತೀನಿ. ಕನ್ನಡಕ ಬರೋವರೆಗೆ ಆ ಸ್ಟೂಲ್ ಮೇಲೆ ಕೂರಬೇಡಿ." ಬಾಗಿಲ ತನಕ ಹೋಗಿ ತಿರುಗಿದರು. "ಬಂದ ಮೇಲೆ ಬೇರೆ ಯಾರೂ ಕೂರೋದು ಬೇಡ."

ಹನ್ನೊಂದು ಫೋನುಗಳು. ಒಬ್ಬ ಮುದುಕ, "ಹೊಟ್ಟೆ ಚೆನ್ನಾಗಿದೆ, ಸೊಸೆ ಚೆನ್ನಾಗಿಲ್ಲ" ಎಂದು ಹತ್ತು ನಿಮಿಷ ಹೇಳಿದ. ಒಬ್ಬಾಕೆ ದನಿ ತಗ್ಗಿಸಿ, "ಯಾಕೆ ಸಿಸ್ಟರ್, ಒಳಗೆ ಏನಾದ್ರೂ ಬಿಟ್ಟಿದ್ದೀರಾ?" ಎಂದಳು. ಒಬ್ಬರು, ಈ ಆಸ್ಪತ್ರೆಯವರು ಇಷ್ಟು ಪ್ರೀತಿಯಿಂದ ವಿಚಾರಿಸುತ್ತಾರಲ್ಲ ಎಂದು ಮತ್ತೆ ಮತ್ತೆ ಹರಸಿದರು. ಅವಳು ಅಂಥ ಕೃತಜ್ಞತೆಯನ್ನು ಕಳ್ಳಮಾಲಿನಂತೆ ತಲೆ ತಗ್ಗಿಸಿ ತೆಗೆದುಕೊಂಡಳು. ಒಂಬತ್ತನೆಯವರು ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಎಂಟು ವಾರದ ಹಿಂದಿನ ಹೆಂಗಸು, ಶಾಲೆಯ ಬಸ್ಸು ಓಡಿಸುವವಳು, ಅವಳ ಹೊತ್ತಿನಲ್ಲಿ ತಾನು ಮೂವತ್ತೊಂಬತ್ತು ಎಂದದ್ದು ನೋಡಿಯೋ ಊಹಿಸಿಯೋ. ಫೋನು ಗಂಟೆ ಬಾರಿಸುತ್ತಿದ್ದಷ್ಟು ಹೊತ್ತೂ ಅವಳು ಆ ಹೆಂಗಸನ್ನು ಆಂಬುಲೆನ್ಸಿನಲ್ಲಿ ಮಲಗಿಸಿ, ಆಪರೇಷನ್ನಿಗೆ ಒಯ್ದು, ಹೂಳಿಯೂ ಬಂದಳು. ಐದನೆಯ ಸಲಕ್ಕೆ "ಹಲೋ! ಗಾಡಿ ಓಡಿಸ್ತಿದ್ದೆ ಕಣ್ರೀ, ಹಿಂದೆ ನಲವತ್ತು ಮಕ್ಕಳು ಕಿರುಚ್ತಿವೆ, ಈಗ ನಿಲ್ಲಿಸಿದೆ, ಏನು ಬೇಗ ಹೇಳಿ!" ಎಂಬ ದನಿ ಕೇಳಿದಾಗ ಅವಳು ಹೊಟ್ಟೆ ಹೇಗಿದೆ ಎಂದು ಎರಡೆರಡು ಸಲ ಕೇಳಿದಳು.

ದರ್ಜಿ ಎಚ್ಚರಗೊಂಡು ಸೂರನ್ನು ಅಳೆಯುತ್ತಿದ್ದ. ಅವಳು ಪಕ್ಕ ನಿಂತು, ಪೀಠಿಕೆಯಿಲ್ಲದೆ, "ಬೆಳಿಗ್ಗೆ ನಿಮಗೆ ಸುಳ್ಳು ಹೇಳಿದೆ" ಎಂದಳು.

"ಗೊತ್ತು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ? ಡಾಕ್ಟ್ರಿಗೆ ಹೇಳಬಹುದಿತ್ತಲ್ಲ."

"ಹೆದರಿಕೆ ಸಿಸ್ಟರ್. ಒಳಗೆ ನನಗೆ ಗೊತ್ತಿರೋರು ಅಂದ್ರೆ ನೀವೊಬ್ರೇ. ನಿಮ್ಮನ್ನೇ ಎದುರು ಹಾಕ್ಕೊಂಡು ಆಮೇಲೆ ನಿಮ್ಮ ಕೈಲೇ ಮಲಗೋದಾ?" ಉಸಿರು ಎಳೆದುಕೊಂಡ. "ನಾನೂ ಎರಡು ವರ್ಷ ಕನ್ನಡಕ ಹಾಕ್ಲಿಲ್ಲ. ಟೇಪಿನ ಅಂಕಿ ಕಾಣ್ತಿರಲಿಲ್ಲ, ಅಂದಾಜಲ್ಲೇ ಕತ್ತರಿಸ್ತಿದ್ದೆ. ಬಿಗಿ ಆಯ್ತು ಅಂತ ಬಂದೋರಿಗೆಲ್ಲ ನಿಮ್ಮ ಹೊಟ್ಟೆ ಬೆಳೆದಿದೆ ಅಂತಿದ್ದೆ. ಎಷ್ಟು ಜನ ಪಾಪ ಊಟ ಬಿಟ್ರೋ!" ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ಹೊದಿಕೆಯ ಮೇಲೆ ಒದ್ದೆ ಹರಡಿತು. ಸೂಜಿಯ ಗಾಯದಿಂದ ಸ್ವಲ್ಪ ನೀರು ಜಿನುಗಿತ್ತು. "ಒಣಗಿದ್ದು ಒಂದು ಸಿಗುತ್ತಾ? ಚಳಿ."

ಆಯಾ ಮನೆಗೆ ಹೋಗಿಯಾಗಿತ್ತು. ಕಪಾಟು ಖಾಲಿ. ಅವಳು ಎರಡು ವರ್ಷದ ಮೇಲೆ ನೆಲಮಾಳಿಗೆಯ ಮೆಟ್ಟಿಲು ಇಳಿದಳು, ಹೇಳಬೇಕಾದದ್ದನ್ನು ಮೆಟ್ಟಿಲಿಗೊಂದು ಮಾತಿನಂತೆ ಜೋಡಿಸಿಕೊಳ್ಳುತ್ತ. ಇಸ್ತ್ರಿಯ ಬಿಸಿ ವಾಸನೆಯ ಕೋಣೆಯಲ್ಲಿ, ಸೂರು ಮುಟ್ಟುವ ಬಿಳಿ ಅಟ್ಟಿಗಳ ನಡುವೆ ದೊಡ್ಡಕ್ಕ ಕಾಲು ಚಾಚಿ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಸುರಿದಳು. ಮೀಟಿಂಗು, ಕನ್ನಡಕದ ಮಾತು, ಸ್ಟೂಲು, ಇವತ್ತಿನ ನಲವತ್ತೆರಡು ಪಾಯಿಂಟ್ ಆರು, ದರ್ಜಿಯ ಒದ್ದೆ ಹೊದಿಕೆ. "ನನ್ನಿಂದಲೇ ನೀವು ಇಲ್ಲಿ ಬಂದು ಬಿದ್ರಿ."

"ನಿನ್ನಿಂದಾನಾ?" ದೊಡ್ಡಕ್ಕ ನಿಜವಾಗಿಯೂ ಬೆರಗಾದರು. "ಏ ಹುಡುಗಿ, ನಾನೇ ಅರ್ಜಿ ಕೊಟ್ಟು ಬಂದೆ ಕಣೇ. ಆ ಮೀಟಿಂಗಿಗೆ ಮೂರು ತಿಂಗಳ ಮೊದಲೇ. ಆ ಸ್ಟೂಲ್ ಹತ್ತಿ ಇಳಿದು ಮಂಡಿ ಹೋಗಿತ್ತು. ಇಲ್ಲಿ ಕುರ್ಚಿ ಇದೆ."

"ಮತ್ತೆ ಆ ಮಾತು..."

"ಆ ಮಾತಾ! ಅದನ್ನ ನಾನು ನನ್ನದೇ ಅಂತ ಎಲ್ಲಾ ಕಡೆ ಹೇಳ್ಕೊಂಡು ತಿರುಗ್ತಿದ್ದೀನಿ. ಮೊನ್ನೆ ತಮ್ಮನ ಮನೇಲಿ ಹೇಳಿದೆ, ಅವನು ನಕ್ಕಿದ್ದಕ್ಕೆ ಕಾಫಿ ನೆತ್ತಿಗೇರಿತು."

ಎರಡು ವರ್ಷ ಹೊತ್ತ ಮೂಟೆಯಲ್ಲಿ ಏನೂ ಇರಲಿಲ್ಲ. ಸಮಾಧಾನವಾಗಬೇಕಿತ್ತು; ಬದಲು ಅವಳಿಗೆ ಮೋಸಹೋದಂತಾಯಿತು, ಒಬ್ಬರನ್ನು ಹಾಳು ಮಾಡುವಷ್ಟೂ ಯೋಗ್ಯತೆ ತನಗಿರಲಿಲ್ಲವೇ ಎಂದು. ದೊಡ್ಡಕ್ಕ ಕನ್ನಡಕದ ಮೇಲಿನಿಂದ ನೋಡಿದರು.

"ಸಿಟ್ಟಿಲ್ಲ ಅಂದ್ಕೋಬೇಡ. ಸಿಟ್ಟಿದೆ. ಸೂಜಿ ಹಿಡಿಯೋದು ಕಲಿಸಿದೋಳು ನಾನು. ಎರಡು ವರ್ಷದಲ್ಲಿ ಒಂದು ಸಲ ಈ ಬಾಗಿಲಿಗೆ ಬಂದು, ದೊಡ್ಡಕ್ಕ ಬದುಕಿದ್ದೀರಾ ಅಂತ ಕೇಳಲಿಲ್ಲ ನೀನು. ಊಟದ ಮನೇಲಿ ನನ್ನ ಕಂಡ್ರೆ ಓಡ್ತೀಯ. ನನ್ನ ಮೈಯಲ್ಲಿ ಏನು ವಾಸನೆ ಬರುತ್ತೋ ಅಂತ ಸೋಪು ಬದಲಾಯಿಸ್ದೆ ಕಣೇ ನಾನು."

ದೊಡ್ಡಕ್ಕ ಎದ್ದು, ಮಂಡಿ ಹಿಡಿದು ಒಂದು ಕ್ಷಣ ನಿಂತು, ಯಂತ್ರದಿಂದ ಆಗಷ್ಟೇ ಬಂದ ದೊಡ್ಡ ಹೊದಿಕೆಯೊಂದನ್ನು ಎಳೆದು ಅದರ ಎರಡು ತುದಿಗಳನ್ನು ಅವಳ ಕೈಗಿತ್ತರು. "ಹಿಡಿ. ದರ್ಜಿಗೆ ಒಂದು ಕೊಡ್ತೀನಿ, ಮೊದಲು ಇದನ್ನ ಮಡಿಸು." ಇಬ್ಬರೂ ಹಿಂದೆ ಸರಿದು ಬಟ್ಟೆಯನ್ನು ಬಿಗಿಯಾಗಿ ಎಳೆದರು, ಒಮ್ಮೆ ಕೊಡವಿದರು, ಮಡಿಕೆ ಹಾಕಿ ಒಬ್ಬರಿಗೊಬ್ಬರು ಹತ್ತಿರ ಬಂದರು. ಬಟ್ಟೆ ಬೆಚ್ಚಗಿತ್ತು. ಅಂಚಿಗೆ ಅಂಚು ಕೂಡಿಸುವಾಗ ದೊಡ್ಡಕ್ಕನ ಮುಖ ಅವಳ ಮುಖದ ಮುಂದೆಯೇ ಬಂದು ಪೂರ್ತಿ ಮಸುಕಾಯಿತು. ಎರಡು ಗಾಜಿನ ಹೊಳಪು, ಅದರ ಕೆಳಗೆ ಏನೋ ಅಲುಗುವುದು.

"ನಗ್ತಿದ್ದೀರಾ ದೊಡ್ಡಕ್ಕ? ಅಳ್ತಿದ್ದೀರಾ?"

"ನೀನೇ ನೋಡಿ ಹೇಳು. ಊಹೆ ಬೇಡ."

ಅವಳು ತನ್ನ ತುದಿಯನ್ನು ಬಿಡದೆ ಒಂದು ಹೆಜ್ಜೆ ಹಿಂದೆ ಇಟ್ಟಳು. ಸಾಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು. ಹೊದಿಕೆ ಇಬ್ಬರ ನಡುವೆ ಮತ್ತೆ ಬಿಚ್ಚಿಕೊಂಡು ಬಿಗಿಯಾಯಿತು, ಆಗ ಕಂಡಿತು. ಎರಡೂ.